ಕಂಪನಿ ಕಟ್ಟಿಕೊಂಡು ಊರೂರು ತಿರುಗಿದ ಪಾಠಶಾಲೆ

ಶ್ರಾವಣ ಹತ್ತಿರ ಬಂತೆಂದರೆ ರೋಣ ತಾಲ್ಲೂಕಿನ ಯಾವಗಲ್‌ನಂಥ ಊರುಗಳಲ್ಲಿ ಪುರಾಣ ಹಚ್ಚುವ ಮಾತು ಶುರುವಾಗುತ್ತದೆ. ಎರೆಹೊಲದಲ್ಲಿ ಹೆಸರು ಬಿಡಿಸುವ ಗಡಿಬಿಡಿ ಹಗಲಿಗೆ, ಮಠದ ಅಂಗಳದ ಪುರಾಣ ರಾತ್ರಿಗೆ. ಪುರಾಣ ಹೇಳುವ ಶಾಸ್ತ್ರಿಗಳು, ಪೇಟಿ ಹಿಡಿದ ಗವಾಯಿಗಳು, ತಬಲಾ ಸಾಥಿಯವರು ಹೀಗೆ ಮೂವರು ಬಂದು ತಿಂಗಳೊಪ್ಪತ್ತು ಊರಲ್ಲೇ ಉಳಿಯುತ್ತಾರೆ. ಊಟ ದಿನಕ್ಕೊಬ್ಬರ ಮನೆಯಲ್ಲಿ. ಗವಾಯಿಗಳ ದನಿ ಚಲೋ ಇದ್ದರೆ ಹೆಣ್ಣುಮಕ್ಕಳು ಎರಡನೇ ದಿನಕ್ಕೇ ಕೇಳಿಬಿಡುತ್ತಾರೆ, ‘ಎಲ್ಲಿಯವರ್ರಿ?’ ಮುಕ್ಕಾಲು ಪಾಲು ಸಲ ಬರುವ ಉತ್ತರ ಒಂದೇ: ‘ಗದಗಿನ ಆಶ್ರಮದಾಗ ಕಲ್ತವ್ರು.’ ಆ ಗವಾಯಿಗಳಿಗೆ ಕಣ್ಣು ಕಾಣದೆಯೂ ಇರಬಹುದು. ಅದರ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಈ ಸೀಮೆಯಲ್ಲಿ ಕಣ್ಣಿಲ್ಲದವರು ಗವಾಯಿಗಳಾಗುವುದು ಅಷ್ಟು ರೂಢಿಯಾಗಿ ನೂರು ವರ್ಷವೇ ಆಯಿತು.

ಆ ರೂಢಿ ತಾನಾಗಿ ಹುಟ್ಟಿದ್ದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿಕೊಟ್ಟದ್ದು.

ಈಗ ಕಾಲೇಜುಗಳಲ್ಲಿ ಸಮಾನ ಅವಕಾಶ ಘಟಕ, ವಿದ್ಯಾರ್ಥಿ ನೆರವು ಕೇಂದ್ರ ಎಂಬ ಫಲಕಗಳಿವೆ. ಅಮೆರಿಕದ ಹಲವು ಕಮ್ಯುನಿಟಿ ಕಾಲೇಜುಗಳಲ್ಲಂತೂ ಬೇರೆ ಬೇರೆ ಜನಾಂಗ, ಭಾಷೆ, ದೇಶಗಳಿಂದ ಬಂದ ಮಕ್ಕಳ ಕೈಹಿಡಿಯುವುದಕ್ಕೇ ಪ್ರತ್ಯೇಕ ಕಚೇರಿಗಳಿರುತ್ತವೆ. ಅಲ್ಲಿ ಮಗು ಮೊದಲು ಕಾಲೇಜಿನ ಬಾಗಿಲು ತಲುಪಬೇಕು, ನೆರವು ಆಮೇಲೆ. ಬಾಗಿಲವರೆಗೂ ಬರಲಾರದ ಮಗುವನ್ನು ಹುಡುಕಿಕೊಂಡು ಊರಿಗೇ ಹೋಗುವವರು ಯಾರು? ಪುಣ್ಯಾಶ್ರಮದ ಕತೆಯಲ್ಲಿ ನನಗೆ ದೊಡ್ಡದೆನಿಸುವುದು ಇದೇ. ಅಲ್ಲಿ ಶಾಲೆಯೇ ಗಂಟುಮೂಟೆ ಕಟ್ಟಿಕೊಂಡು ಊರೂರಿಗೆ ಹೋಯಿತು.

ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಗೆ ಶಿವಯೋಗ ಮಂದಿರ ಕಟ್ಟಿದರು. ಮಠಗಳಿಗೆ ಓದುಬರಹ ಬಲ್ಲ ಸ್ವಾಮಿಗಳನ್ನು ತಯಾರು ಮಾಡುವುದು ಅದರ ಉದ್ದೇಶ. ಅದಕ್ಕೂ ಮುಂಚೆ ಅವರ ಕಣ್ಣಿಗೆ ಬಿದ್ದವರು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಣ್ಣತಮ್ಮಂದಿರಿಬ್ಬರು. ಇಬ್ಬರಿಗೂ ಹುಟ್ಟಿನಿಂದ ಕಣ್ಣಿಲ್ಲ, ಇಬ್ಬರ ಕಂಠವೂ ಇಂಪು. ಒಬ್ಬ ಗುರುಬಸಯ್ಯ. ಇನ್ನೊಬ್ಬ 1892ರಲ್ಲಿ ಹುಟ್ಟಿದ ಗದಿಗೆಯ್ಯ, ಮುಂದೆ ಪಂಚಾಕ್ಷರ ಗವಾಯಿಗಳೆಂದು ಹೆಸರಾದವರು. ಸ್ವಾಮಿಗಳು ಗದಿಗೆಯ್ಯನವರನ್ನು ಕರ್ನಾಟಕ ಸಂಗೀತ ಕಲಿಯಲು ಮೈಸೂರಿಗೆ ಕಳಿಸಿದರು. ಹಿಂದುಸ್ತಾನಿ ಪಾಠ ಆದದ್ದು ಮಿರಜಿನ ನೀಲಕಂಠಬುವಾ ಅವರ ಹತ್ತಿರ. ಎರಡೂ ಪದ್ಧತಿ ಕರಗತವಾದದ್ದರಿಂದ ‘ಉಭಯ ಗಾಯನಾಚಾರ್ಯ’ ಎಂಬ ಬಿರುದು ಬಂತು. ಎರಡರ ಪೈಕಿ ಒಂದನ್ನು ಆರಿಸಿಕೊಂಡು ಇನ್ನೊಂದಕ್ಕೆ ಮೂಗು ಮುರಿಯುವ ಚಾಳಿ ಸಂಗೀತದವರಲ್ಲಿ ಇಂದಿಗೂ ಉಂಟು. ಅದು ಈ ಮನೆತನಕ್ಕೆ ಮೊದಲಿನಿಂದಲೂ ಅಂಟಲಿಲ್ಲ.

ಮಿರಜಿನ ನಂಟಿನ ಬಗ್ಗೆ ಇನ್ನೊಂದು ಮಾತು. ನೀಲಕಂಠಬುವಾ ಕಲಿತದ್ದು ಬಾಲಕೃಷ್ಣಬುವಾ ಇಚಲಕರಂಜಿಕರ ಅವರಲ್ಲಿ. ಅದೇ ಗುರುವಿನ ಇನ್ನೊಬ್ಬ ಶಿಷ್ಯ ವಿಷ್ಣು ದಿಗಂಬರ ಪಲುಸ್ಕರ. ಅವರಿಗೆ ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು, ಶಾಲೆಯ ಓದು ನಿಂತಿತು, ಮನೆಯವರು ಸಂಗೀತಕ್ಕೆ ಹಾಕಿದರು. ಅವರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಬ್ರೈಲ್ ಲಿಪಿ ಕಂಡುಹಿಡಿದ ಲೂಯಿ ಬ್ರೈಲ್ ಕೂಡ ಪ್ಯಾರಿಸಿನ ಇಗರ್ಜಿಗಳಲ್ಲಿ ಆರ್ಗನ್ ನುಡಿಸುತ್ತಿದ್ದವರು. ಕಣ್ಣಿಲ್ಲದವರ ಹೊಟ್ಟೆಪಾಡಿಗೆ ಸಂಗೀತವೆಂಬುದು ಪ್ಯಾರಿಸಿನಲ್ಲೂ ಮಿರಜಿನಲ್ಲೂ ತೆರೆದಿದ್ದ ಒಂದು ದಾರಿ. ಆ ದಾರಿಯಲ್ಲಿ ಬಡವರ ಮಕ್ಕಳೂ ನಡೆಯುವಂತೆ ಮಾಡಲು ಪಂಚಾಕ್ಷರ ಗವಾಯಿಗಳಿಗೆ ಬೇಕಾದದ್ದು ಅನ್ನ, ಮಲಗಲು ಜಾಗ, ಒಂದಷ್ಟು ವಾದ್ಯ.

ಆಶ್ರಮದವರು ತಮ್ಮ ಸಂಸ್ಥೆಯ ಹುಟ್ಟನ್ನು 1914ರಿಂದ ಲೆಕ್ಕ ಹಾಕುತ್ತಾರೆ. ಆಗ ಅದಕ್ಕೆ ಕಾಯಂ ಕಟ್ಟಡವಿರಲಿಲ್ಲ. ಅದೊಂದು ಸಂಚಾರಿ ಸಂಗೀತ ಪಾಠಶಾಲೆ. ಹಳೆಯ ರೋಣ ತಾಲ್ಲೂಕಿನ ನಿಡಗುಂದಿಕೊಪ್ಪದಲ್ಲೂ ಅದು ಕೆಲಕಾಲ ನೆಲೆಸಿತ್ತು. ಊರವರು ಜೋಳ ಕೊಟ್ಟರೆ ಅಲ್ಲಿ ಒಲೆ ಹೊತ್ತುತ್ತಿತ್ತು, ಕೊಡದಿದ್ದರೆ ಮುಂದಿನೂರು. ಮಳೆ ಕೈಕೊಟ್ಟ ವರ್ಷ ರೈತನ ಕಣಜವೇ ಖಾಲಿ, ಪಾಠಶಾಲೆಗೆ ಕೊಡುವವರಾರು? ಜೋಳಿಗೆಯೊಂದನ್ನೇ ನಂಬಿದರೆ ಹುಡುಗರು ಉಪವಾಸ ಬೀಳುತ್ತಾರೆಂದು ಗವಾಯಿಗಳು ನಾಟಕ ಕಂಪನಿ ಕಟ್ಟಿದರು.

ಸಂಗೀತ ಗುರು ನಾಟಕ ಕಂಪನಿ ಕಟ್ಟುವುದೆಂದರೆ ಆ ಕಾಲಕ್ಕೆ ಮಾನ ಪಣಕ್ಕಿಟ್ಟಂತೆ. ಕಂಪನಿ ಎಂದರೆ ಸಾಲ, ಚಟ, ಜಗಳ ಎಂಬ ಹೆಸರಿತ್ತು. ಮಠದ ಶಿಷ್ಯರಾದವರು ಬಣ್ಣ ಹಚ್ಚುವುದು ಹಲವರಿಗೆ ಒಗ್ಗಿರಲಿಕ್ಕಿಲ್ಲ. ಆದರೆ ಲೆಕ್ಕ ಸರಿಯಿತ್ತು. ಟಿಕೆಟ್ಟಿನ ದುಡ್ಡಿನಲ್ಲಿ ಹುಡುಗರ ಊಟ, ದಿನವೂ ಹಾಡಲು ಬಾರಿಸಲು ರಂಗ, ಹೋದ ಊರಲ್ಲೆಲ್ಲ ಹೊಸ ವಿದ್ಯಾರ್ಥಿಗಳು. ‘ಶ್ರೀ ಕುಮಾರೇಶ್ವರ ಕೃಪಾಪೋಷಿತ ಪಂಚಾಕ್ಷರ ಗವಾಯಿಗಳವರ ನಾಟ್ಯ ಸಂಘ’ ಎಂಬ ಉದ್ದನೆಯ ಹೆಸರಿನ ಬ್ಯಾನರು ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಇಂದಿಗೂ ಪರಿಚಿತ. ಸೀನು ಬದಲಾಗುವ ಹೊತ್ತಿಗೆ ಪೇಟಿಯ ಮುಂದೆ ಕೂತ ಹುಡುಗ ಪ್ರೇಕ್ಷಕರಿಗೆ ಕಾಣುತ್ತಿದ್ದ. ಅವರಲ್ಲೊಬ್ಬ ತಂದೆಗೆ ಮನೆಯ ಮೂಲೆಯಲ್ಲಿ ಕೂರಿಸಿಟ್ಟ ತನ್ನ ಕೂಸು ನೆನಪಾದರೆ, ಮರುದಿನ ಬೆಳಿಗ್ಗೆ ಆತ ಕಂಪನಿಯ ಬಿಡಾರಕ್ಕೆ ಬರುತ್ತಿದ್ದ. ಕರಪತ್ರ ಹಂಚಿ ಮಾಡಲಾಗದ ಕೆಲಸವಿದು. ಪುರಾಣದ ಗವಾಯಿಗಳೂ ಇದನ್ನೇ ಮುಂದುವರಿಸಿದ್ದಾರೆ. ತಿಂಗಳುಗಟ್ಟಲೆ ಊರಲ್ಲಿ ಉಂಡು ಮಲಗಿದವರಿಗೆ ಯಾವ ಓಣಿಯ ಯಾವ ಮನೆಯಲ್ಲಿ ಅಂಥ ಮಗುವಿದೆಯೆಂದು ತಿಳಿಯದೇ ಇರುತ್ತದೆಯೇ?

ಮುಂದೆ ಬಸರಿಗಿಡದ ವೀರಪ್ಪನವರ ದಾನದಿಂದ ಗದಗಿನಲ್ಲಿ ನೆಲೆ ಸಿಕ್ಕಿತು. ವೀರೇಶ್ವರ ಎಂಬ ಹೆಸರು ಉಳಿದದ್ದು ಹಾಗೆ. ಪಂಚಾಕ್ಷರ ಗವಾಯಿಗಳು 1944ರ ಜೂನ್ 11ರಂದು ತೀರಿಕೊಂಡಾಗ ಹೊಣೆ ಬಿದ್ದದ್ದು ಮೂವತ್ತು ವರ್ಷದ ಪುಟ್ಟರಾಜ ಗವಾಯಿಗಳ ಮೇಲೆ. ಇವರು ಹುಟ್ಟಿದ್ದು ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ, 1914ರಲ್ಲಿ. ಕೂಸಾಗಿದ್ದಾಗಲೇ ದೃಷ್ಟಿ ಹೋಯಿತು, ಸೋದರಮಾವ ಗವಾಯಿಗಳ ಹತ್ತಿರ ತಂದು ಬಿಟ್ಟರು. ಮುಂದಿನ 66 ವರ್ಷ ಆಶ್ರಮ ಎಂದರೆ ಪುಟ್ಟರಾಜರು. ಪೇಟಿ, ಸಾರಂಗಿ, ಪಿಟೀಲು, ತಬಲಾ ಯಾವುದು ಕೈಗೆ ಕೊಟ್ಟರೂ ನುಡಿಸುತ್ತಿದ್ದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು. ಬಸವಪುರಾಣವನ್ನು ಹಿಂದಿಗೆ ತಂದರು, ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿದರು, ಕಂಪನಿಗೆ ನಾಟಕ ಬರೆದುಕೊಟ್ಟರು. ಹಳ್ಳಿಗಳವರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯ ತೂಗಿದರು. ಈ ತುಲಾಭಾರಗಳಿಗೆ ಲೆಕ್ಕವಿಲ್ಲ. ಸ್ವಾಮಿಗಳ ತುಲಾಭಾರ ಎಂದರೆ ನನಗೆ ಸಾಮಾನ್ಯವಾಗಿ ಮುಜುಗರ. ಇಲ್ಲಿ ಮಾತ್ರ ತೂಗಿದ ಚಿಲ್ಲರೆ ಹುಡುಗರ ರೊಟ್ಟಿ ಆಗುತ್ತಿತ್ತು, ಹಾಗಾಗಿ ತಕರಾರು ತೆಗೆಯಲು ಬಾಯಿ ಬರುವುದಿಲ್ಲ. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಈಗ ಪೀಠದಲ್ಲಿರುವವರು ಕಲ್ಲಯ್ಯಜ್ಜನವರು.

ಆಶ್ರಮ ಹುಟ್ಟಿದ್ದು ವೀರಶೈವ ಮಠದ ಒಡಲಲ್ಲಿ. ಪೂಜೆ, ಪ್ರಸಾದ, ವಿಭೂತಿ ಎಲ್ಲವೂ ಆ ಪದ್ಧತಿಯವೇ. ಆದರೆ ಒಳಗೆ ಬರುವ ಮಗುವಿನ ಜಾತಿ, ಧರ್ಮ ಕೇಳುವುದಿಲ್ಲ, ಊಟಕ್ಕೂ ಪಾಠಕ್ಕೂ ದುಡ್ಡು ಕೇಳುವುದಿಲ್ಲ. ಆ ಕಾಲದ ಧಾರವಾಡ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗುಗಳು ಬಹುಪಾಲು ಜಾತಿವಾರು ಎದ್ದವು. ನವಲಗುಂದ ಮತ್ತು ಶಿರಸಂಗಿಯ ದೇಸಗತಿಯ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟದ್ದು ದೊಡ್ಡ ತ್ಯಾಗ, ಆದರೂ ಅದರ ಫಲ ಒಂದು ಸಮಾಜದ ಮಕ್ಕಳಿಗೆ. ಇದನ್ನು ದೂರುವಂತಿಲ್ಲ, ಹಿಂದುಳಿದವರು ಮೇಲೇಳಲು ಆಗ ಸಿಕ್ಕ ಏಣಿ ಅದೇ. ಗವಾಯಿಗಳ ಲೆಕ್ಕ ಮಾತ್ರ ಬೇರೆ. ಸ್ವರ ಹಿಡಿಯಬಲ್ಲ ಮಗು ಯಾವ ಮನೆಯದಾದರೂ ಆಗಬಹುದೆಂದು ಅವರಿಗೆ ಗೊತ್ತಿತ್ತು.

ಶಿಷ್ಯರ ಪಟ್ಟಿಯಲ್ಲಿ ಇದು ಕಾಣುತ್ತದೆ. ಯಲಿವಾಳದ ಬಸವರಾಜ ರಾಜಗುರು, ರಾಯಚೂರು ಕಡೆಯ ಸಿದ್ಧರಾಮ ಜಂಬಲದಿನ್ನಿ, ಹುಬ್ಬಳ್ಳಿಯ ಅರ್ಜುನಸಾ ನಾಕೋಡ ಎಲ್ಲರೂ ಪಂಚಾಕ್ಷರ ಗವಾಯಿಗಳ ಗರಡಿಯವರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೇ ವರ್ಷದ ಉತ್ಸವ ನಡೆದಾಗ ಹುಡುಗ ರಾಜಗುರು ಹಾಡಿದರು, ತಬಲಾ ಹಿಡಿದು ಕೂತವರು ಸ್ವತಃ ಗುರು. ಶಿಷ್ಯನ ಮೊದಲ ದೊಡ್ಡ ಕಚೇರಿಗೆ ಗುರುವೇ ಸಾಥಿಯಾಗುವುದು ಸಂಗೀತದ ಲೋಕದಲ್ಲಿ ದಿನವೂ ಕಾಣಸಿಗುವ ಮಾತಲ್ಲ. ಪುಟ್ಟರಾಜರ ಕಾಲಕ್ಕೆ ಬಂದರೆ, ಬಳ್ಳಾರಿಯ ಲಕ್ಷ್ಮೀಪುರದ ವೆಂಕಟೇಶ ಕುಮಾರ. ತಂದೆ ಹುಲೆಪ್ಪ ಜಾನಪದ ಹಾಡುಗಾರರು, ಸೋದರಮಾವ ತೊಗಲುಗೊಂಬೆಯ ಬೆಳಗಲ್ಲು ವೀರಣ್ಣ. ಆ ಮಾವನೇ 1968ರಲ್ಲಿ ಹುಡುಗನನ್ನು ಗದಗಿಗೆ ಕರೆತಂದದ್ದು. ಅಲ್ಲಿ ಹನ್ನೆರಡು ವರ್ಷ ಉಳಿದು ಕಲಿತ ವೆಂಕಟೇಶ ಕುಮಾರರಿಗೆ 2016ರಲ್ಲಿ ಪದ್ಮಶ್ರೀ ಬಂತು.

ರಾಜಗುರು, ವೆಂಕಟೇಶ ಕುಮಾರ ಇಬ್ಬರೂ ಕಣ್ಣಿದ್ದವರು. ಆಶ್ರಮವನ್ನು ಬರೀ ಅಂಧರ ಶಾಲೆ ಎಂದುಕೊಂಡವರಿಗೆ ಇದು ಅಚ್ಚರಿಯೆನಿಸಬಹುದು. ಮೈಸೂರಿನಲ್ಲಿ 1901ರಲ್ಲೇ ಅಂಧರಿಗೂ ಕಿವುಡರಿಗೂ ಬೇರೆಯೇ ಶಾಲೆ ತೆರೆದಿತ್ತು. ಅದು ಪ್ರತ್ಯೇಕ ಶಾಲೆಯ ದಾರಿ. ಗದಗಿನದು ಬೆರಕೆಯ ದಾರಿ. ಕಣ್ಣಿಲ್ಲದವರೂ ಬಡತನದಿಂದ ಓದು ಬಿಟ್ಟವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ, ಒಂದೇ ತಂಬೂರಿಗೆ ದನಿ ಕೂಡಿಸುತ್ತಾರೆ. ಒಬ್ಬ ಪುಸ್ತಕ ಓದಿ ಹೇಳುತ್ತಾನೆ, ಇನ್ನೊಬ್ಬ ಒಂದೇ ಸಲಕ್ಕೆ ಬಾಯಿಪಾಠ ಮಾಡಿ ಮರುದಿನ ಇವನನ್ನೇ ತಿದ್ದುತ್ತಾನೆ. ಬಾವಿಕಟ್ಟೆಗೂ ಬಸ್ ಸ್ಟ್ಯಾಂಡಿಗೂ ಹೆಗಲ ಮೇಲೆ ಕೈಯಿಟ್ಟು ಹೋಗುವ ಜೋಡಿಗಳು ಅಲ್ಲಿ ಸಾಮಾನ್ಯ. ವಿಶೇಷ ಶಾಲೆಯೋ, ಎಲ್ಲರೊಂದಿಗೆ ಕೂಡಿ ಕಲಿಸುವ ಶಾಲೆಯೋ ಎಂಬ ಚರ್ಚೆ ಶಿಕ್ಷಣ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ಇಲ್ಲಿ ಅದು ಚರ್ಚೆಗೆ ಬರುವ ಮುಂಚೆಯೇ ಊಟದ ಸಾಲಿನಲ್ಲಿ ತೀರ್ಮಾನವಾಗಿತ್ತು.

1995ರಲ್ಲಿ ಈ ಕತೆ ಸಿನಿಮಾ ಆಯಿತು. ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರದಿಂದ ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಬೆಂಗಳೂರು, ಮೈಸೂರಿನವರಿಗೆ ಆಶ್ರಮ ಗೊತ್ತಾದದ್ದು ಬಹುಮಟ್ಟಿಗೆ ಆ ಹಾಡುಗಳಿಂದ.

ಮೆಚ್ಚುಗೆಯ ಜೊತೆಗೆ ಒಂದು ಕಸಿವಿಸಿಯನ್ನೂ ಹೇಳಬೇಕು. ಕಣ್ಣಿಲ್ಲದ ಮಗು ಎಂದೊಡನೆ ‘ಗದಗಿಗೆ ಹಾಕ್ರಿ’ ಎನ್ನುವುದು ನಮ್ಮ ಕಡೆ ಗಾದೆಯಷ್ಟೇ ಸಲೀಸಾಗಿದೆ. ಆ ಮಗುವಿಗೆ ಹಾಡುವ ಮನಸ್ಸಿದೆಯೇ, ಲೆಕ್ಕದಲ್ಲಿ ಚುರುಕೇ, ವಕೀಲಿಕೆ ಮಾಡಬಲ್ಲದೇ ಎಂದು ಕೇಳುವವರು ಕಡಿಮೆ. 1914ರಲ್ಲಿ ಈ ಸೀಮೆಯ ಮಗುವಿಗೆ ಬೇರೆ ದಾರಿ ಹೆಚ್ಚೇನೂ ಇರಲಿಲ್ಲ. ಈಗ ಇದೆ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಮೊಬೈಲಿನಲ್ಲೇ ಬರುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ 5ರಷ್ಟು ಸೀಟುಗಳನ್ನೂ ಸರ್ಕಾರಿ ಕೆಲಸದಲ್ಲಿ ಶೇ 4ರಷ್ಟು ಹುದ್ದೆಗಳನ್ನೂ ಅಂಗವಿಕಲರಿಗೆ ಮೀಸಲಿಡಬೇಕೆನ್ನುತ್ತದೆ. ಆದರೆ ಯಾವಗಲ್‌ನ ಹೊಲದಲ್ಲಿ ಹೆಸರು ಬಿಡಿಸುವ ತಾಯಿಗೆ ಆ ಕಾಯ್ದೆಯ ಸುದ್ದಿ ಯಾರು ಮುಟ್ಟಿಸಬೇಕು? ಸೀಟು ಕಾದಿರಿಸಿದ ಕಾಲೇಜು ಆ ಊರಿಗೆ ಬಸ್ ಹತ್ತಿ ಬರುವುದಿಲ್ಲ. ಆಶ್ರಮದ ಗವಾಯಿಗಳು ಬರುತ್ತಾರೆ. ಹಾಗಾಗಿ ಮಗು ಗದಗಿಗೇ ಹೋಗುತ್ತದೆ.

ಅಲ್ಲಿ ಸಂಗೀತದ ಪಾಠಶಾಲೆ, ಮಹಾವಿದ್ಯಾಲಯಗಳಿವೆ, ದೃಷ್ಟಿಯಿಲ್ಲದ ಮಕ್ಕಳ ಓದಿಗೂ ವ್ಯವಸ್ಥೆಯಿದೆ. ಕಲಿತು ಹೊರಬಿದ್ದವರಲ್ಲಿ ಆಕಾಶವಾಣಿಯ ಕಲಾವಿದರಾದವರು, ಶಾಲೆಗಳಿಗೆ ಸಂಗೀತ ಶಿಕ್ಷಕರಾಗಿ ಹೋದವರು, ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರರಾದವರು ಇದ್ದಾರೆ. ಜೂನ್‌ನಲ್ಲಿ ಪಂಚಾಕ್ಷರ ಗವಾಯಿಗಳ, ಸೆಪ್ಟೆಂಬರಿನಲ್ಲಿ ಪುಟ್ಟರಾಜರ ಪುಣ್ಯಸ್ಮರಣೆಗೆ ಹಳೆಯ ವಿದ್ಯಾರ್ಥಿಗಳು ಗದಗಿಗೆ ಬರುತ್ತಾರೆ, ಹಾಡುತ್ತಾರೆ. ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಜೋಳ, ರೊಟ್ಟಿಗಳು ಗಾಡಿಗಟ್ಟಲೆ ದಾಸೋಹಕ್ಕೆ ಬರುತ್ತವೆ. ಸಂಗೀತ ಕೇಳಲು ಹೋಗುವವರು ಹಗಲಿನ ಭಾಷಣಗಳನ್ನು ಬಿಟ್ಟು ರಾತ್ರಿ ಊಟದ ಮೇಲೆ ಹೋಗಿ ಕೂರುವುದು ಒಳ್ಳೆಯದು. ದೊಡ್ಡ ಹೆಸರಿನವರು ಮುಗಿಸಿದ ಮೇಲೆ ಹಳ್ಳಿಯ ಗವಾಯಿಗಳ ಸರದಿ ಬರುತ್ತದೆ.