ಕ್ಯೂಬಾದ ಹಳ್ಳಿಗಾಡಿನಲ್ಲಿ ಒಂದು ಸೈಕಲ್ ಯಾತ್ರೆ

ವೆಸ್ಟ್ ಇಂಡೀಸ್ ದ್ವೀಪಗಳಲ್ಲೆಲ್ಲ ದೊಡ್ಡದಾದ ಕ್ಯೂಬಾ ಪೂರ್ವ-ಪಶ್ಚಿಮವಾಗಿ ಸುಮಾರು 1,250 ಕಿಲೋಮೀಟರು ಉದ್ದಕ್ಕೆ ಚಾಚಿಕೊಂಡಿದೆ. ಇದರ ಹಳ್ಳಿಗಾಡನ್ನು ಸೈಕಲ್ಲಿನ ಮೇಲೆ ಸುತ್ತಿ ನೋಡಲೆಂದೇ ಪರದೇಶಗಳಿಂದ ಬರುವ ಯಾತ್ರಿಕರುಂಟು. ಹಿಂದಿನ ರಾತ್ರಿ ನಕ್ಷೆಯಲ್ಲಿ ಗುರುತು ಮಾಡಿಕೊಂಡ ದಾರಿಯಲ್ಲಿಯೇ ಮರುದಿನ ಸಂಜೆಯವರೆಗೂ ಸಾಗುವುದು ಇಲ್ಲಿ ಸುಲಭವಲ್ಲ.

ಇದಕ್ಕೆ ಮುಖ್ಯ ಕಾರಣ ಗಾಳಿ. ಈಶಾನ್ಯದ ವಾಣಿಜ್ಯ ಮಾರುತಗಳು ದ್ವೀಪದ ಮೇಲೆ ವರ್ಷದ ಬಹುಕಾಲ ಬೀಸುತ್ತವೆ. ಆದುದರಿಂದ ಪೂರ್ವದಿಂದ ಪಶ್ಚಿಮಕ್ಕೆ ಹೊರಟವನಿಗೆ ಗಾಳಿಯು ಬೆನ್ನಿಗೆ ಬಂದ ಗೆಳೆಯ. ಎದುರು ದಿಕ್ಕಿನಿಂದ ಬರುವವನಿಗೆ ಅದೇ ಗಾಳಿ ಹಗೆ. ಬೆಳಗಿನ ಜಾವದಲ್ಲಿ ಅದು ಬಹುಮಟ್ಟಿಗೆ ಶಾಂತವಾಗಿರುತ್ತದೆ; ಹೊತ್ತೇರಿ ನೆಲ ಕಾದಂತೆ ಬಲಗೊಳ್ಳುತ್ತದೆ. ಚಳಿಗಾಲದಲ್ಲಿ ಉತ್ತರ ಅಮೆರಿಕದ ಕಡೆಯಿಂದ ಶೀತಗಾಳಿಯೂ ಆಗಾಗ ನುಗ್ಗಿ ಬರುವುದುಂಟು.

ದ್ವೀಪದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವಿನ್ಯಾಲೆಸ್ ಕಣಿವೆಯಿಂದ ಜನವರಿಯ ಒಂದು ಮುಂಜಾನೆ ಒಬ್ಬ ಸವಾರನು ಪೂರ್ವದ ಸೊರೋವಾಕ್ಕೆ ಹೊರಟನೆಂದು ಭಾವಿಸಬಹುದು. 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕಣಿವೆಯ ಸೊಬಗು ಅಸಾಧಾರಣವಾದುದು. ಸಮತಟ್ಟಾದ ಕೆಂಪು ಹೊಲಗಳ ನಡುವೆ, ನೆಲದಿಂದ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ಗುಡ್ಡಗಳು. ಅವುಗಳ ಬುಡದಲ್ಲಿ ಹೊಗೆಸೊಪ್ಪಿನ ಬೆಳೆ, ಎಲೆಯನ್ನು ಒಣಗಿಸುವ ಎತ್ತರದ ಗುಡಿಸಲು, ನೇಗಿಲೆಳೆಯುವ ಎತ್ತಿನ ಜೋಡಿ. ರಸ್ತೆಯಲ್ಲಿ ಮೋಟಾರುಗಳು ಕಡಿಮೆ, ಕುದುರೆಗಾಡಿಗಳು ಹೆಚ್ಚು. ಲಾ ಪಾಲ್ಮಾ ಎಂಬ ಊರನ್ನು ದಾಟುವ ಹೊತ್ತಿಗೆ ಗಾಳಿ ಮುಖಕ್ಕೆ ಹೊಡೆಯತೊಡಗುತ್ತದೆ. ಎಷ್ಟು ತುಳಿದರೂ ಸೈಕಲ್ಲು ಮುಂದೆ ಹೋಗದು. ಅದೇ ಸಮಯಕ್ಕೆ ಚಕ್ರದ ಗಾಳಿಯೂ ಇಳಿದುಹೋದರೆ?

ಆಗ ಅವನ ನೆರವಿಗೆ ಒದಗುವುದು ಹಳ್ಳಿಯ ಪಂಕ್ಚರ್ ಅಂಗಡಿ. ಅದನ್ನು ಅಲ್ಲಿಯವರು 'ಪೊಂಚೆರಾ' ಎನ್ನುವರು. ಮನೆಯ ಜಗಲಿಯೇ ಅಂಗಡಿಯಾಗಿರುವುದೂ ಉಂಟು. ಇಂಥ ಅಂಗಡಿಗಳು ಹೆಚ್ಚಲು ಒಂದು ಕಷ್ಟಕಾಲವು ಕಾರಣವಾಯಿತು. ಕ್ಯೂಬಾಕ್ಕೆ ಬೇಕಾದ ಎಣ್ಣೆಯ ಬಹುಪಾಲು ಸೋವಿಯತ್ ಒಕ್ಕೂಟದಿಂದ ಬರುತ್ತಿತ್ತು. 1991ರಲ್ಲಿ ಆ ಒಕ್ಕೂಟವು ಒಡೆದುಹೋದಾಗ ಬಸ್ಸುಗಳು ನಿಂತವು, ಟ್ರಾಕ್ಟರುಗಳು ಹೊಲದಲ್ಲಿ ತುಕ್ಕು ಹಿಡಿದವು, ಊಟದ ತಟ್ಟೆಯೂ ಬರಿದಾಯಿತು. ಅಮೆರಿಕ ಸಂಯುಕ್ತ ಸಂಸ್ಥಾನವು ವಿಧಿಸಿದ್ದ ವಾಣಿಜ್ಯ ನಿರ್ಬಂಧವು ಈ ಸಂಕಟವನ್ನು ಇಮ್ಮಡಿಸಿತು. ಆಗ ಸರಕಾರವು ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ಲುಗಳನ್ನು ತರಿಸಿತು. ಅವು ಗೇರಿಲ್ಲದ, ಬಹು ಭಾರವಾದ ವಾಹನಗಳು. ವೈದ್ಯರು, ಉಪಾಧ್ಯಾಯರು, ಕಾರ್ಖಾನೆಯ ಕೆಲಸಗಾರರು ಅರೆಹೊಟ್ಟೆಯಲ್ಲಿಯೇ ಅವನ್ನು ತುಳಿದರು. ರಾಜಧಾನಿ ಹವಾನಾದಲ್ಲಿ ಕೊಲ್ಲಿಯ ಕೆಳಗಿನ ಸುರಂಗವನ್ನು ಸವಾರರಿಗೆ ದಾಟಿಸಲು, ಆಸನಗಳನ್ನು ಕಿತ್ತುಹಾಕಿದ ಬಸ್ಸುಗಳೇ ಓಡಾಡಿದವು. ಹೊಸ ಟ್ಯೂಬು ದೊರೆಯದ ಆ ದಿನಗಳಲ್ಲಿ ಹಳೆಯದಕ್ಕೇ ತೇಪೆಯ ಮೇಲೆ ತೇಪೆ ಹಾಕುವ ಕೈಚಳಕ ಹಳ್ಳಿ ಹಳ್ಳಿಗೂ ಹಬ್ಬಿತು. ಪರದೇಶಿಯ ಹಗುರವಾದ, ಬೆಲೆಬಾಳುವ ಸೈಕಲ್ಲು ಈಗ ನೆಚ್ಚಿಕೊಳ್ಳುವುದು ಅದೇ ಕೈಚಳಕವನ್ನು!

ದುರಸ್ತಿ ಮುಗಿಯುವಾಗ ಮಧ್ಯಾಹ್ನ ಕಳೆದಿರುತ್ತದೆ. ಸೊರೋವಾ ಇನ್ನೂ ದೂರ. ಕತ್ತಲಾದಲ್ಲಿಯೇ ತಂಗೋಣವೆಂದರೆ ಆಗದು. ಖಾಸಗಿ ಮನೆಗಳ ಪೈಕಿ ಪರದೇಶಿಗಳನ್ನು ಇರಿಸಿಕೊಳ್ಳಲು ಪರವಾನಗಿ ಪಡೆದವುಗಳಲ್ಲಿ ಮಾತ್ರ ಅವನು ರಾತ್ರಿ ಕಳೆಯಬಹುದು. 1997ರಲ್ಲಿ ಕ್ರಮಬದ್ಧವಾದ ಈ ಏರ್ಪಾಡು ಎಷ್ಟೋ ಕುಟುಂಬಗಳಿಗೆ ಜೀವನಾಧಾರವೂ ಆಗಿದೆ. ಅಂಥ ಮನೆಗಳಿರುವ ಊರು ದಕ್ಷಿಣಕ್ಕೆ, ಬೆಟ್ಟಗಳಾಚೆ ಇದೆ: ಸಾನ್ ದಿಯೆಗೊ ದೆ ಲೊಸ್ ಬಾನ್ಯೊಸ್. ಸವಾರನು ಸೊರೋವಾದ ಆಸೆ ಬಿಟ್ಟು ಅತ್ತ ತಿರುಗುತ್ತಾನೆ. ಏರು ಕಡಿದಾದುದು ನಿಜ. ಆದರೆ ಗಾಳಿಗೆ ಬೆಟ್ಟವೇ ಅಡ್ಡಗೋಡೆ. ಈ ಬೆಟ್ಟಸಾಲಿನಲ್ಲಿಯೇ ಪೊರ್ತಾಲೆಸ್ ಎಂಬ ಗುಹೆಯಿದೆ. 1962ರ ಅಕ್ಟೋಬರಿನಲ್ಲಿ, ಕ್ಷಿಪಣಿಗಳ ಕಾರಣದಿಂದ ಜಗತ್ತು ಅಣುಯುದ್ಧದ ಅಂಚಿಗೆ ಬಂದಿದ್ದಾಗ, ಚೆ ಗೆವಾರನು ಪಶ್ಚಿಮ ಭಾಗದ ಸೇನೆಯನ್ನು ಇಲ್ಲಿಂದ ನಡೆಸಿದನು. ಬೆಳಗಿನ ದಾರಿಯಲ್ಲಿಯೇ ಹೋಗಿದ್ದರೆ ಈ ಗುಹೆ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

ಸಾನ್ ದಿಯೆಗೊ ಗಂಧಕದ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರು. ಮನೆಯೊಡತಿ ಬಡಿಸಿದ ಅನ್ನ ಮತ್ತು ಕಪ್ಪು ಅವರೆಯನ್ನು ಉಂಡು ಸವಾರನು ಬೇಗನೆ ಮಲಗುತ್ತಾನೆ. ಸೊರೋವಾದ ಕಡೆಗೆ ನಾಳೆ ಹೊರಡಬೇಕಾದುದು ಗಾಳಿ ಏಳುವ ಮೊದಲು.