ಟೋಕಿಯೋದ ಮಲ್ಲಕಣದ ಬಳಿ

ಪರದೇಶಕ್ಕೆ ಹೋದ ಪ್ರವಾಸಿಯು ದೇವಾಲಯ, ಅರಮನೆಗಳಲ್ಲಿ ಅಲ್ಲಿಯ ಜನರ ಗತವೈಭವವನ್ನು ಕಾಣಬಲ್ಲನಾದರೂ, ಅವರ ಇಂದಿನ ಉಲ್ಲಾಸವನ್ನು ಪ್ರತ್ಯಕ್ಷವಾಗಿ ಅರಿಯಬೇಕೆಂದರೆ ಅವರ ನಡುವೆ ಕುಳಿತು ಅವರದೇ ಆಟವೊಂದನ್ನು ನೋಡಬೇಕು. ಜಪಾನಿನಲ್ಲಿ ಅದಕ್ಕೆ ತಕ್ಕ ಸ್ಥಳ, ಟೋಕಿಯೋದ ರ್ಯೋಗೊಕುವಿನಲ್ಲಿ 1985ರಲ್ಲಿ ತೆರೆದ ಕೊಕುಗಿಕಾನ್ ಎಂಬ ಸುಮೋ ಮಂದಿರ.

ವರ್ಷದ 6 ಮಹಾಪಂದ್ಯಾವಳಿಗಳಲ್ಲಿ ಜನವರಿ, ಮೇ, ಸೆಪ್ಟೆಂಬರ್ ತಿಂಗಳಿನವು ಇಲ್ಲಿ ಜರುಗುವುವು. ಒಂದೊಂದೂ 15 ದಿನಗಳದು. 4.55 ಮೀಟರ್ ವ್ಯಾಸದ ಮಣ್ಣಿನ ವೃತ್ತದಿಂದ ಹೊರಬಿದ್ದವನು, ಇಲ್ಲವೆ ಅಂಗಾಲಲ್ಲದೆ ದೇಹದ ಬೇರಾವ ಭಾಗವನ್ನಾದರೂ ನೆಲಕ್ಕೆ ತಗುಲಿಸಿದವನು ಸೋತಂತೆ. ಕಾಳಗವು ಬಹುಮಟ್ಟಿಗೆ ಕೆಲವೇ ಕ್ಷಣಗಳಲ್ಲಿ ಮುಗಿಯುವುದಾದರೂ, ಅದಕ್ಕೆ ಮುನ್ನ ಮಲ್ಲರು ಕಣದ ಶುದ್ಧಿಗಾಗಿ ಉಪ್ಪನ್ನೆರಚಿ, ಕಾಲೆತ್ತಿ ನೆಲವನ್ನು ತುಳಿದು, ಪರಸ್ಪರ ದೃಷ್ಟಿಯಿಟ್ಟು ಬಾಗುವ ವಿಧಿಗಳನ್ನು ಕಂಡಾಗ, ಗರಡಿಯ ಮಣ್ಣಿಗೆ ನಮಸ್ಕರಿಸಿ ಕುಸ್ತಿಗಿಳಿಯುವ ನಮ್ಮ ಪೈಲವಾನರ ನೆನಪಾಗದೆ ಇರದು.

ಕಿರಿಯ ಶ್ರೇಣಿಗಳ ಕಾಳಗಗಳು ಬೆಳಗ್ಗೆಯೇ ಮೊದಲಾಗುವುವು. ಅತ್ಯುನ್ನತ ಶ್ರೇಣಿಯವರ ಸೆಣಸಾಟ ಸುಮಾರು ಸಂಜೆ 4ರಿಂದ 6ರವರೆಗೆ. ಟಿಕೆಟುಗಳು ಬೇಗನೆ ಮುಗಿದುಹೋಗುವುದರಿಂದ, ಪ್ರಯಾಣದ ದಿನವನ್ನು ಗೊತ್ತುಮಾಡುವಾಗಲೇ ಪಂದ್ಯದ ದಿನವನ್ನೂ ನೋಡಿ ಆಸನವನ್ನು ಕಾದಿರಿಸಿಕೊಳ್ಳಿರಿ. ಭಾಷೆ ಬಾರದೆಂಬ ಅಳುಕು ಬೇಡ. ಗೆಲುವಿನ ಹರ್ಷೋದ್ಗಾರವು ಎಲ್ಲರಿಗೂ ಅರ್ಥವಾಗುವುದು.