ಹಣ್ಣಿನ ಪಾನಕ: ಮನೆಯ ಹದ, ಮನೆಯ ಹಿತ

ಬಿಸಿಲಿನಲ್ಲಿ ದಣಿದು ಬಂದವರಿಗೆ ಮೊದಲು ನೀರು-ಬೆಲ್ಲ ನೀಡಿ, ಆಮೇಲೆ ಕುಶಲವನ್ನು ವಿಚಾರಿಸುವುದು ನಮ್ಮ ನಾಡಿನ ಸದ್ಗೃಹಸ್ಥರ ಪದ್ಧತಿ. ಬಸವ ಜಯಂತಿಯು ವೈಶಾಖದ ಬಿಸಿಲಿನಲ್ಲಿಯೇ ಬರುವುದರಿಂದ, ಅಂದು ಊರೂರುಗಳಲ್ಲಿ ಪಾನಕ ಹಂಚುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇಂತಹ ನಾಡಿನಲ್ಲಿ ಅತಿಥಿ ಬಂದೊಡನೆ ಅಂಗಡಿಯ ಬಾಟಲಿ ತರಿಸುವ ರೂಢಿ ಬೆಳೆದಿರುವುದು ವಿಚಾರಮಾಡಬೇಕಾದ ಸಂಗತಿ.

ಹಲವು ಹಣ್ಣುಗಳ ರಸ ಬೆರೆಸಿದ ಪಾನೀಯವನ್ನು ಕಿರಿಯರು ‘ಫ್ರೂಟ್ ಕಾಕ್‌ಟೇಲ್’ ಎನ್ನುತ್ತಾರೆ. ಆ ಹೆಸರು ಕೇಳಿ ಹಿರಿಯರು ಹುಬ್ಬು ಗಂಟಿಕ್ಕುವುದು ನಿಷ್ಕಾರಣವಲ್ಲ. 1806ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪತ್ರಿಕೆಯೊಂದು ಆ ಪದಕ್ಕೆ ಅರ್ಥ ಹೇಳುವಾಗ ಮದ್ಯ, ಸಕ್ಕರೆ, ನೀರು, ಕಹಿರಸ ಎಂಬ ನಾಲ್ಕನ್ನೇ ಎಣಿಸಿತ್ತು. ಹಣ್ಣಿನ ಮಾತೇ ಅಲ್ಲಿರಲಿಲ್ಲ. ಆದರೆ ಮದ್ಯದ ಸೋಂಕಿಲ್ಲದೆ ರಸಗಳನ್ನು ಹದವರಿತು ಬೆರೆಸುವ ವಿದ್ಯೆ ನಮಗೆ ಹೊರಗಿನಿಂದ ಬರಬೇಕಾದುದಲ್ಲ. 16ನೆಯ ಶತಮಾನದ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಆದುದರಿಂದ ಮಕ್ಕಳ ಆಸೆಯನ್ನು ಗದರಿ ಅಡಗಿಸದೆ, ಅದನ್ನು ಅಡುಗೆಮನೆಯತ್ತ ತಿರುಗಿಸುವುದೇ ಜಾಣತನ.

ಆರು ಜನರಿಗೆ ಬೇಕಾದ ಪದಾರ್ಥಗಳಿವು: ಚೆನ್ನಾಗಿ ಮಾಗಿದ ಕರಬೂಜದ ಹೋಳು ಎರಡು ಬಟ್ಟಲು, ಮೋಸಂಬಿ ಎರಡು, ದಾಳಿಂಬೆ ಒಂದು, ನಿಂಬೆ ಒಂದು, ಪುಡಿಮಾಡಿದ ಬೆಲ್ಲ 60 ಗ್ರಾಂ, ಏಲಕ್ಕಿ ನಾಲ್ಕು, ಅರ್ಧ ಅಂಗುಲ ಹಸಿಶುಂಠಿ, ಚಿಟಿಕೆ ಉಪ್ಪು, ಕಾಯಿಸಿ ಆರಿಸಿದ ನೀರು ಮುಕ್ಕಾಲು ಲೀಟರ್.

ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಮರಳು ಕಸ ಉಳಿಯದಂತೆ ತೆಳುಬಟ್ಟೆಯಲ್ಲಿ ಶೋಧಿಸಬೇಕು. ಕರಬೂಜವನ್ನು ನುಣ್ಣಗೆ ಕಿವುಚಿ ಅದಕ್ಕೆ ಸೇರಿಸಬೇಕು. ದಾಳಿಂಬೆಯ ಕಾಳನ್ನು ಅರೆಯಬಾರದು. ಬೀಜ ಒಡೆದರೆ ರಸ ಒಗರಾಗುತ್ತದೆ. ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಸಾಕು. ಮೋಸಂಬಿಯ ರಸ, ಜಜ್ಜಿದ ಶುಂಠಿಯ ಸಾರ, ಏಲಕ್ಕಿಪುಡಿಗಳನ್ನು ಬೆರೆಸಿ, ನಿಂಬೆಯನ್ನು ಕೊನೆಗೆ, ರುಚಿ ನೋಡುತ್ತ ಹಿಂಡಬೇಕು. ಚಿಟಿಕೆ ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಮುಂದೆ ತರುವುದರಿಂದ ಬೆಲ್ಲ ಕಡಿಮೆಯಾದರೂ ಕೊರತೆ ತೋರದು. ತಣ್ಣಗಿರಬೇಕೆಂದರೆ ಮಡಕೆಯಲ್ಲಿಡಬಹುದು, ಯಾವ ನೀರಿನದೆಂದು ತಿಳಿಯದ ಮಂಜುಗಡ್ಡೆಯನ್ನು ಮಾತ್ರ ಹಾಕಬಾರದು.

ಅನಾನಸಿನ ರಸಕ್ಕೆ ಹಾಲು ಬೆರೆಸುವವರು ಒಂದನ್ನು ತಿಳಿದಿರಬೇಕು. ಹಸಿ ಅನಾನಸಿನಲ್ಲಿಯೂ ಪಪ್ಪಾಯಿಯಲ್ಲಿಯೂ ಹಾಲಿನ ಸಸಾರಜನಕವನ್ನು ಒಡೆಯುವ ಕಿಣ್ವಗಳಿರುವುದರಿಂದ, ಸ್ವಲ್ಪ ಹೊತ್ತಿನಲ್ಲಿಯೇ ಪಾನೀಯ ಕಹಿಯಾಗುತ್ತದೆ. ಮಲೆನಾಡಿನವರಿಗೆ ಮುರುಗಲು, ಬಯಲುಸೀಮೆಯವರಿಗೆ ಬೇಲದ ಹಣ್ಣು ಒದಗುತ್ತವೆ. ಅವರವರ ನೆಲದ ಹಣ್ಣಿನಿಂದಲೇ ಆರಂಭಿಸುವುದು ಒಳಿತು.

ಇನ್ನು ಬಾಟಲಿಯ ವಿಷಯ. 2011ರ ಆಹಾರ ಸುರಕ್ಷತಾ ನಿಯಮಗಳು ‘ಹಣ್ಣಿನ ಪಾನೀಯ’ಕ್ಕೆ ವಿಧಿಸಿದ ಕನಿಷ್ಠ ರಸದ ಪ್ರಮಾಣ ಶೇಕಡಾ 10, ನಿಂಬೆಯದಾದರೆ ಶೇಕಡಾ 5 ಮಾತ್ರ. ಆದುದರಿಂದ ಹೊರಗಿನ ಚಿತ್ರವನ್ನು ನಂಬದೆ ಚೀಟಿಯನ್ನು ಓದಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ ದಿನಕ್ಕೆ ಸುಮಾರು 25 ಗ್ರಾಂ, ಎಂದರೆ ಆರು ಚಹಾಚಮಚದೊಳಗೆ ಸಕ್ಕರೆಯನ್ನು ಮಿತಗೊಳಿಸಿದರೆ ಹೆಚ್ಚಿನ ಹಿತ. ಸಿಹಿ ಬೆರೆಸಿದ ಒಂದೇ ಬಾಟಲಿ ಆ ಮಿತಿಯನ್ನು ದಾಟಿಸಬಲ್ಲದು. ಹಾಗೆಂದು ಬೆಲ್ಲಕ್ಕೆ ದೋಷವಿಲ್ಲವೆಂದು ಭಾವಿಸಬಾರದು. ಬೆಲ್ಲವೂ ಹಿಂಡಿದ ಹಣ್ಣಿನ ರಸದ ಸಿಹಿಯೂ ಅದೇ ಲೆಕ್ಕಕ್ಕೆ ಸೇರುತ್ತವೆ. ಮಧುಮೇಹವುಳ್ಳ ಹಿರಿಯರಿಗೆ ಪಾನಕದ ಬದಲು ನೀರು ಮಜ್ಜಿಗೆ ಕೊಡುವುದೇ ಲೇಸು. ಪಾನಕವು ದಿನನಿತ್ಯದ ಅಭ್ಯಾಸವಾಗದೆ ಅತಿಥಿಗೂ ಹಬ್ಬಕ್ಕೂ ಒದಗುವ ಸತ್ಕಾರವಾಗಿರಲಿ.

ಮನೆಯಲ್ಲಿ ಮಾಡುವುದರ ದೊಡ್ಡ ಲಾಭವೆಂದರೆ ಎಷ್ಟು ಸಿಹಿ ಸಾಕೆಂಬ ತೀರ್ಮಾನ ನಮ್ಮ ಕೈಯಲ್ಲಿಯೇ ಉಳಿಯುವುದು. ಮಕ್ಕಳೇ ಹಣ್ಣು ಹಿಂಡಲಿ, ಬೆಲ್ಲ ಅಳೆಯಲಿ, ಬಂದವರಿಗೆ ಅವರೇ ಲೋಟ ನೀಡಲಿ. ಹೀಗೆ ಬೆಳೆದವರಿಗೆ ಮಿತವನ್ನು ಉಪದೇಶಿಸುವ ಅಗತ್ಯ ಬೀಳದು.